ಇವತ್ತು ನಾನು ಎದುರಾಳಿ ತಂಡದ ಗಾರ್ಡ್

ಫೆಬ್ರವರಿ 3, 2026, ಮಂಗಳವಾರ

ಇಲ್ಲಿ ಅಮೆರಿಕದಲ್ಲಿ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ನಾಳೆ ಮ್ಯಾಚ್ ಇದೆ. ಎದುರಾಳಿಗಳ ಪಾಯಿಂಟ್ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವನು) ಎಡಗೈ ಆಟಗಾರ. ಹಾಗಾಗಿ ಇವತ್ತಿನ ಪ್ರಾಕ್ಟೀಸಿನಲ್ಲಿ ನಾನೂ ಎಡಗೈಯಲ್ಲೇ ಆಡಿದೆ.

ಇದಕ್ಕೆ ಸ್ಕೌಟ್ ಟೀಮ್ ಅಂತಾರೆ. ನಮ್ಮಂಥ ವಾಕ್-ಆನ್‌ಗಳದ್ದೇ, ಅಂದರೆ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದೆ ತಂಡದಲ್ಲಿರುವವರದ್ದೇ ಕೆಲಸ. ಎದುರಾಳಿ ಹೇಗೆ ಆಡುತ್ತಾರೋ ಹಾಗೇ ಆಡಿ, ನಮ್ಮ ಮೊದಲ ಐವರನ್ನು ತಯಾರು ಮಾಡಬೇಕು. ನಿನ್ನೆ ರಾತ್ರಿ ಲ್ಯಾಬ್ ರಿಪೋರ್ಟ್ ಮುಗಿಸಿ ಆ ಪಾಯಿಂಟ್ ಗಾರ್ಡ್‌ನ ವಿಡಿಯೋ ನೋಡುತ್ತಾ ಕೂತೆ. ಸ್ಕ್ರೀನ್ ಸಿಕ್ಕ ತಕ್ಷಣ, ಅಂದರೆ ಅವನ ಜೊತೆಗಾರ ಅಡ್ಡ ನಿಂತು ದಾರಿ ಮಾಡಿಕೊಟ್ಟ ತಕ್ಷಣ, ಅವನು ನುಗ್ಗುವುದಿಲ್ಲ. ಸ್ವಲ್ಪ ನಿಧಾನ ಮಾಡುತ್ತಾನೆ. ತನ್ನನ್ನು ತಡೆಯಲು ಬಂದವನನ್ನು ಬೆನ್ನ ಹಿಂದೆ ಹಾಕಿಕೊಂಡು, ಆಮೇಲೆ ಎಡಕ್ಕೆ ಹೊರಡುತ್ತಾನೆ.

ನಾನೂ ಅದನ್ನೇ ಮಾಡಿದೆ. ಮೊದಲು ನಮ್ಮ ಗಾರ್ಡ್ ಸ್ಕ್ರೀನಿನ ಹಿಂದಿನಿಂದ ಸುತ್ತಿಕೊಂಡು ಬಂದ. ಅಷ್ಟರಲ್ಲಿ ನಾನು ನಿಂತಲ್ಲಿಂದಲೇ ತ್ರೀ (ದೂರದಿಂದ ಹಾಕುವ ಮೂರು ಪಾಯಿಂಟಿನ ಬಾಸ್ಕೆಟ್) ಹಾಕಿದ್ದೆ. ಕೋಚ್ ವಿಸಲ್ ಊದಿ "ಮತ್ತೆ" ಅಂದರು. ಮತ್ತೆ, ಮತ್ತೆ. ಕೊನೆಗೆ ಅವನು ಸ್ಕ್ರೀನಿಗೂ ನನಗೂ ನಡುವೆ ಭುಜ ತೂರಿಸಿ, ನನಗೆ ಅಂಟಿಕೊಂಡೇ ಬಂದ. ಎಡಗಡೆ ಎದೆ ಕೊಟ್ಟು ನಿಂತ. ನನಗೆ ದಾರಿಯೇ ಇರಲಿಲ್ಲ, ಚೆಂಡು ಕೈಬಿಟ್ಟು ಹೋಯಿತು. ಆಗ ಆದ ಖುಷಿ ಅಷ್ಟಿಷ್ಟಲ್ಲ! ನಾಳೆ ಅವನು ಇದನ್ನೇ ಮಾಡಿದರೆ ನಾವು ಗೆಲ್ಲಬಹುದು.

ಸಂಜೆ ಅಮ್ಮ ಮೈಸೂರಿಂದ ಫೋನ್ ಮಾಡಿದ್ದರು. "ನಾಳೆನಾದ್ರೂ ನಿನ್ನ ಆಡಿಸ್ತಾರೇನೋ?" ಮ್ಯಾಚ್ ಪೂರ್ತಿ ನಮ್ಮ ಕೈಗೆ ಬಂದಿದ್ದರೆ ಕೊನೆಯಲ್ಲಿ ಒಂದೆರಡು ನಿಮಿಷ ಸಿಗಬಹುದು ಅಂದೆ. ಅಪ್ಪನಿಗೆ ಫೀಸಿನ ಚಿಂತೆ. ಸ್ಕಾಲರ್‌ಶಿಪ್ ಇಲ್ಲವಲ್ಲ. ಫೀಸು, ಬಾಡಿಗೆ ಎಲ್ಲ ನಮ್ಮದೇ. ಊಟಕ್ಕೆ ಮಾತ್ರ ತೊಂದರೆ ಇಲ್ಲ. 2014ರಲ್ಲಿ ಇಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಿಯಮ ಬದಲಿಸಿದ ಮೇಲೆ ವಾಕ್-ಆನ್‌ಗಳಿಗೂ ತಂಡದ ಜೊತೆ ಊಟ ಕೊಡಬಹುದು.

ನನಗಿರುವ ಚಿಂತೆ ಬೇರೆ. ಮೊದಲು ಡಿವಿಷನ್ 1ರ (ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತದ) ಪುರುಷರ ತಂಡಕ್ಕೆ 13 ಸ್ಕಾಲರ್‌ಶಿಪ್ ಇತ್ತು, ಅದರ ಮೇಲೆ ಕೋಚ್ ಇಷ್ಟಪಟ್ಟಷ್ಟು ವಾಕ್-ಆನ್‌ಗಳು. ಕಾಲೇಜುಗಳೇ ಆಟಗಾರರಿಗೆ ಹಣ ಕೊಡಲು ಬಿಡುವ, 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಹೌಸ್ ಒಪ್ಪಂದದ ಪ್ರಕಾರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡವೇ 15 ಜನಕ್ಕೆ ಸೀಮಿತ. ಅಷ್ಟೂ ಜನರಿಗೆ ಸ್ಕಾಲರ್‌ಶಿಪ್ ಕೊಡಬಹುದು. ಆಟಗಾರರಿಗೆ ಕಾಲೇಜಿನಿಂದ ಹಣ ಸಿಗುವುದು ನ್ಯಾಯವೇ, ಸಿಗಲೇಬೇಕು. ಆದರೆ ಟ್ರೈಔಟ್ ಕೊಟ್ಟು ಒಳಗೆ ಬರುವ ಹುಡುಗನಿಗೆ ಇನ್ನು ಜಾಗ ಎಲ್ಲಿದೆ?

ಜೆಫ್ ಹಾರ್ನಸೆಕ್ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ ವಾಕ್-ಆನ್ ಆಗಿಯೇ ಬಂದ ಗಾರ್ಡ್. 1992ರಲ್ಲಿ ಇಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ಆಲ್‌ಸ್ಟಾರ್ ಆದರು. ಅದು ದೊಡ್ಡ ಕಥೆ. ನನಗೆ ಜಾಸ್ತಿ ಹತ್ತಿರ ಅನಿಸುವುದು ವರುಣ್ ರಾಮ್. ಭಾರತೀಯ ಮೂಲದವರು, ಎತ್ತರ 5 ಅಡಿ 9 ಇಂಚು, ಮೇರಿಲ್ಯಾಂಡ್ ತಂಡಕ್ಕೆ ವಾಕ್-ಆನ್ ಆಗಿ ಸೇರಿದವರು. 2015ರ ಮಾರ್ಚ್, ಎನ್‌ಸಿಎಎ ಟೂರ್ನಿಯಲ್ಲಿ ಅವರ ತಂಡದ ಮೊದಲ ಮ್ಯಾಚ್, ಎದುರಾಳಿ ವಾಲ್ಪರೈಸೊ. ಮೇರಿಲ್ಯಾಂಡ್ ಮೂರು ಪಾಯಿಂಟ್ ಮುಂದಿದೆ, ಚೆಂಡು ವಾಲ್ಪರೈಸೊ ಕೈಯಲ್ಲಿದೆ, ಉಳಿದಿರುವುದು ಕೆಲವೇ ಸೆಕೆಂಡು. ಕೋಚ್ ಮಾರ್ಕ್ ಟರ್ಜನ್ ಬೆಂಚಿನಿಂದ ವರುಣ್ ಅವರನ್ನು ಕಳಿಸಿದರು. ತ್ರೀ ಹಾಕಲು ಬಂದ ಕೀತ್ ಕಾರ್ಟರ್‌ಗೆ ಅವರು ಜಾಗವನ್ನೇ ಬಿಡಲಿಲ್ಲ. ಚೆಂಡು ಕೈತಪ್ಪಿತು. 65-62.

ಆ ಕ್ಲಿಪ್‌ನಲ್ಲಿ ನಾನು ಅವರ ಕಾಲುಗಳನ್ನೇ ನೋಡುತ್ತೇನೆ. ಮೊಣಕಾಲು ಬಾಗಿದೆ, ಹೆಜ್ಜೆ ಸಣ್ಣದು, ಎಲ್ಲೂ ಫೌಲ್ ಆಗುವಂತೆ ಕೈ ಚಾಚಿಲ್ಲ. ಅಂಥ ಹೊತ್ತಿನಲ್ಲಿ ಹಾಗೆ ನಿಲ್ಲಬೇಕಾದರೆ ಪ್ರಾಕ್ಟೀಸಿನಲ್ಲಿ ಎಷ್ಟು ಸಲ ನಿಂತಿರಬೇಕು, ಅಲ್ವಾ?

ರಾತ್ರಿ ಊಟದ ಹೊತ್ತಿಗೆ ನಮ್ಮ ಗಾರ್ಡ್ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತ. ಎದುರಾಳಿ ಗಾರ್ಡ್ ಎಡಕ್ಕೆ ಹೊರಡುವ ಮೊದಲು ಏನಾದರೂ ಸುಳಿವು ಕೊಡುತ್ತಾನಾ ಅಂತ ಕೇಳಿದ. ಕೊಡುತ್ತಾನೆ, ಬಲ ಭುಜ ಸ್ವಲ್ಪ ಕೆಳಗಿಳಿಯುತ್ತದೆ ಅಂದೆ. ಅಲ್ಲೇ ಎದ್ದು ತೋರಿಸಿದೆ. ಇನ್ನೊಂದು ಸಲ ಅಂದ. ಮತ್ತೆ ತೋರಿಸಿದೆ.