ಓಎಸ್‌ಪಿಎಫ್ ನೇಬರ್ ಬರುತ್ತಿಲ್ಲವೇ? ಎಲ್ಲಿ ನಿಂತಿದೆ ನೋಡಿ

ಓಎಸ್‌ಪಿಎಫ್ ಅಂದರೆ ರೂಟರ್‌ಗಳು ಒಂದಕ್ಕೊಂದು ದಾರಿಗಳನ್ನು ತಿಳಿಸಿಕೊಳ್ಳುವ ಪ್ರೋಟೋಕಾಲ್, ಹಾಗೆ ಜೊತೆಗೂಡುವ ಪಕ್ಕದ ರೂಟರೇ ನೇಬರ್. ಎರಡು ರೂಟರ್‌ಗಳ ನಡುವೆ ಪಿಂಗ್ ಹೋಗುತ್ತದೆ, ಓಎಸ್‌ಪಿಎಫ್ ನೇಬರ್ ಮಾತ್ರ ಬರುವುದಿಲ್ಲ. ಆಗ ತುಂಬ ಜನ ಮೊದಲು ಮಾಡುವ ಕೆಲಸ ಓಎಸ್‌ಪಿಎಫ್ ಪ್ರೋಸೆಸ್ಸನ್ನೇ ಕ್ಲಿಯರ್ ಮಾಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಆ ರೂಟರ್‌ನಲ್ಲಿ ಸರಿಯಾಗಿದ್ದ ಉಳಿದ ನೇಬರ್‌ಗಳೂ ಅದರಿಂದ ಬಿದ್ದುಹೋಗುತ್ತವೆ. ‘ಶೋ ಐಪಿ ಓಎಸ್‌ಪಿಎಫ್ ನೇಬರ್’ ಕೊಟ್ಟು, ನೇಬರ್ ಯಾವ ಹಂತದಲ್ಲಿದೆ (ಇನಿಟ್, ಟೂ-ವೇ, ಎಕ್ಸ್‌ಸ್ಟಾರ್ಟ್, ಕೊನೆಗೆ ಫುಲ್ ಮುಂತಾದವು) ಎಂದು ತೋರಿಸುವ ಸ್ಟೇಟ್ ಕಾಲಮ್ ಓದಿ. ತೊಂದರೆ ಎಲ್ಲಿದೆ ಅನ್ನುವುದು ಬಹುಪಾಲು ಅಲ್ಲೇ ಗೊತ್ತಾಗುತ್ತದೆ.

ಪಿಂಗ್ ಬಂದರೆ ಸಾಲದು, ಏಕೆಂದರೆ ನೇಬರನ್ನು ಹುಡುಕಲು ರೂಟರ್ ಕಳಿಸುವ ಹಲೋ ಪ್ಯಾಕೆಟ್ ಹೋಗುವುದು 224.0.0.5 ಎಂಬ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ತಲುಪುವ) ವಿಳಾಸಕ್ಕೆ. ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, ನೇರ ಐಪಿ ಮೇಲೆ ಪ್ರೋಟೋಕಾಲ್ ಸಂಖ್ಯೆ 89. ಹಾಗಾಗಿ ಎಸಿಎಲ್‌ನಲ್ಲಿ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿಯಲ್ಲಿ) ಪೋರ್ಟ್ ಹುಡುಕುತ್ತಾ ಕೂರಬೇಡಿ, ಬಿಡಬೇಕಾದ್ದು 89ನ್ನು. ಈಥರ್ನೆಟ್‌ನಲ್ಲಿ 10 ಸೆಕೆಂಡಿಗೊಂದು ಹಲೋ ಹೋಗುತ್ತದೆ. 40 ಸೆಕೆಂಡು ಒಂದೂ ಬರದಿದ್ದರೆ ನೇಬರ್ ಸತ್ತಂತೆ ಲೆಕ್ಕ.

ಪಟ್ಟಿ ಖಾಲಿ ಇದ್ದರೆ ಇಂಟರ್‌ಫೇಸ್ ಪ್ಯಾಸಿವ್ (ಹಲೋ ಕಳಿಸದ ಸ್ಥಿತಿ) ಆಗಿರಬಹುದು, ಇಲ್ಲವೇ ಹಲೋದಲ್ಲಿರುವ ವಿವರಗಳು ಹೊಂದುತ್ತಿಲ್ಲ. ಏರಿಯಾ (ಓಎಸ್‌ಪಿಎಫ್ ಜಾಲದ ಒಂದು ಭಾಗ), ಹಲೋ ಮತ್ತು ಡೆಡ್ ಟೈಮರ್, ಅಥೆಂಟಿಕೇಶನ್, ಸ್ಟಬ್ ಗುರುತು (ಹೊರಗಿನ ರೂಟ್‌ಗಳನ್ನು ಒಳಬಿಡದ ಏರಿಯಾ ಎಂಬುದು), ಈಥರ್ನೆಟ್ ಆದರೆ ಸಬ್‌ನೆಟ್ ಮಾಸ್ಕ್ ಕೂಡ ಎರಡೂ ಕಡೆ ಒಂದೇ ಇರಬೇಕು. ಸಿಸ್ಕೋದಲ್ಲಿ ಹಲೋ ಡಿಬಗ್ ಹಾಕಿದರೆ ‘ಡೆಡ್ ಆರ್ 40 ಸಿ 120, ಹಲೋ ಆರ್ 10 ಸಿ 30’ ಎಂಬಂಥ ಸಾಲು ಬರುತ್ತದೆ. ‘ಆರ್’ ಅಂದರೆ ಅತ್ತಲಿಂದ ಬಂದದ್ದು, ‘ಸಿ’ ಅಂದರೆ ಇಲ್ಲಿ ಹಾಕಿರುವುದು.

ಇನಿಟ್‌ನಲ್ಲಿ ನಿಂತಿದ್ದರೆ? ಆ ಕಡೆಯ ಹಲೋ ನಮಗೆ ಬರುತ್ತಿದೆ, ಆದರೆ ಅದರೊಳಗಿನ ನೇಬರ್ ಪಟ್ಟಿಯಲ್ಲಿ ನಮ್ಮ ರೂಟರ್ ಐಡಿ ಇಲ್ಲ. ಅಂದರೆ ನಮ್ಮ ಮಾತು ಅವರಿಗೆ ಕೇಳುತ್ತಿಲ್ಲ. ನಮ್ಮಿಂದ ಹೊರಡುವ ದಾರಿಯನ್ನೂ ಅವರ ಒಳಬರುವ ಎಸಿಎಲ್ಲನ್ನೂ ನೋಡಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಹುಡುಕಿ ಗಂಟೆಗಟ್ಟಲೆ ಕಳೆಯುತ್ತಾರೆ.

ಟೂ-ವೇ ಕಂಡು ಗಾಬರಿಯಾಗಬೇಡಿ. ಒಂದೇ ಸ್ವಿಚ್ಚಿಗೆ ನಾಲ್ಕಾರು ರೂಟರ್ ಇದ್ದಾಗ ಡಿಆರ್ (ಎಲ್ಲರ ಪರವಾಗಿ ಮಾಹಿತಿ ಹಂಚಲು ಆಯ್ಕೆಯಾದ ರೂಟರ್), ಬಿಡಿಆರ್ (ಅದರ ಬದಲಿ) ಅಲ್ಲದವರು ತಮ್ಮತಮ್ಮಲ್ಲಿ ಟೂ-ವೇನಲ್ಲೇ ಉಳಿಯುವುದು ಸರಿಯಾದ ಸ್ಥಿತಿ.

ನಿಜಕ್ಕೂ ಕಾಡುವುದು ಡೇಟಾಬೇಸ್ ವಿನಿಮಯ ಶುರುವಾಗುವ ಹಂತವಾದ ಎಕ್ಸ್‌ಸ್ಟಾರ್ಟ್. ಇಲ್ಲಿ ನಿಂತರೆ ಮೊದಲ ಅನುಮಾನ ಎಂಟಿಯು (ಇಂಟರ್‌ಫೇಸ್‌ನಲ್ಲಿ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಅಳತೆ) ಮೇಲಿರಲಿ. ಡೇಟಾಬೇಸ್ ವಿವರದ ಪ್ಯಾಕೆಟ್‌ನಲ್ಲಿ ಕಳಿಸುವವರ ಎಂಟಿಯು ಬರೆದಿರುತ್ತದೆ. ಅದು ತನ್ನದಕ್ಕಿಂತ ದೊಡ್ಡದಿದ್ದರೆ ರೂಟರ್ ಆ ಪ್ಯಾಕೆಟ್ಟನ್ನೇ ತಿರಸ್ಕರಿಸುತ್ತದೆ. ಕಳಿಸಿದವರು 5 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳಿಸಿ ಕೊನೆಗೆ ಕೈಬಿಡುತ್ತಾರೆ. ಎರಡು ಕಂಪನಿಗಳ ರೂಟರ್ ಸೇರಿಸುವಾಗ ಇದು ಮಾಮೂಲು. ಸಿಸ್ಕೋ ಐಒಎಸ್‌ನಲ್ಲಿ ಇಂಟರ್‌ಫೇಸ್‌ಗೆ 9000 ಎಂದು ಬರೆದರೆ ಅದು ಐಪಿಗೆ ಸಿಗುವ ಅಳತೆ. ಜುನಿಪರ್‌ನಲ್ಲಿ ಅದೇ 9000ದೊಳಗೆ 14 ಬೈಟ್ ಈಥರ್ನೆಟ್ ಹೆಡರ್ ಕೂಡ ಸೇರುತ್ತದೆ, ಐಪಿಗೆ ಉಳಿಯುವುದು 8986. ಅಲ್ಲಿ 9014 ಹಾಕಿದರೆ ಸರಿಹೋಗುತ್ತದೆ. ಎಂಟಿಯು ತಾಳೆ ನೋಡುವುದನ್ನೇ ಬಿಡಿಸುವ ‘ಎಂಟಿಯು ಇಗ್ನೋರ್’ ಹಾಕಿ ಮುಗಿಸುವವರಿದ್ದಾರೆ. ನೇಬರ್ ಬರಬಹುದು, ದೊಡ್ಡ ಪ್ಯಾಕೆಟ್‌ಗಳು ಮಾತ್ರ ಮುಂದೆಯೂ ಬೀಳುತ್ತಲೇ ಇರುತ್ತವೆ. ಡಿಎಫ್ ಬಿಟ್ (ಪ್ಯಾಕೆಟ್ ಒಡೆಯಬೇಡಿ ಎಂಬ ಗುರುತು) ಹಾಕಿ, ಪೂರ್ತಿ ಅಳತೆಯಲ್ಲಿ ಎರಡೂ ಕಡೆಯಿಂದ ಪಿಂಗ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಇನ್ನೊಂದು ತೊಂದರೆ ನೇಬರ್ ಫುಲ್ (ಎರಡೂ ಕಡೆಯ ಡೇಟಾಬೇಸ್ ಹೊಂದಿದ ಕೊನೆಯ ಹಂತ) ಆದಮೇಲೂ ಉಳಿಯುತ್ತದೆ. ಓಎಸ್‌ಪಿಎಫ್‌ನಲ್ಲಿ ಲಿಂಕಿಗೆ ಹಾಕಿರುವ ನೆಟ್‌ವರ್ಕ್ ಬಗೆ ಒಂದು ಕಡೆ ಬ್ರಾಡ್‌ಕಾಸ್ಟ್, ಇನ್ನೊಂದು ಕಡೆ ಪಾಯಿಂಟ್-ಟು-ಪಾಯಿಂಟ್ ಇದ್ದರೆ ಟೈಮರ್ ಎರಡರಲ್ಲೂ 10, 40 ಇರುವುದರಿಂದ ನೇಬರ್ ಫುಲ್ ಆಗುತ್ತದೆ, ರೂಟ್ ಬರುವುದಿಲ್ಲ. ಡೇಟಾಬೇಸ್ ತೆರೆದರೆ ‘ಆಡ್ವ್ ರೂಟರ್ ಈಸ್ ನಾಟ್-ರೀಚಬಲ್’ ಎಂದಿರುತ್ತದೆ. ಒಂದೇ ಲಿಂಕನ್ನು ಇಬ್ಬರೂ ಬೇರೆ ಬೇರೆ ಬಗೆಯಲ್ಲಿ ಬರೆದುಕೊಂಡಿರುವುದರಿಂದ ಲೆಕ್ಕ ಕೂಡುವುದಿಲ್ಲ. ಎರಡೇ ರೂಟರ್ ಇರುವ ಲಿಂಕ್ ಆದರೆ ಎರಡೂ ಕಡೆ ಪಾಯಿಂಟ್-ಟು-ಪಾಯಿಂಟ್ ಮಾಡಿಬಿಡಿ. ಡಿಆರ್ ಆಯ್ಕೆಗೆಂದು ಶುರುವಿನಲ್ಲಿ 40 ಸೆಕೆಂಡು ಕಾಯುವುದೂ ತಪ್ಪುತ್ತದೆ.