ಚಿನ್ನ ಬಳಿಯದೆ ರೇಷ್ಮೆ ಎಳೆ ನೋಡೋದು

ರೇಷ್ಮೆ ಎಳೆಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದರೆ ಸಾಮಾನ್ಯವಾಗಿ ಮೊದಲು ಅದಕ್ಕೆ ಚಿನ್ನ ಬಳಿಯುತ್ತಾರೆ. ತಮಾಷೆಯಲ್ಲ. ರೇಷ್ಮೆಯಲ್ಲಿ ಕರೆಂಟ್ ಹರಿಯಲ್ಲ. ಮೇಲೆ ಬಂದು ಬೀಳುವ ಎಲೆಕ್ಟ್ರಾನುಗಳು ಅಲ್ಲೇ ಕೂತುಬಿಡುತ್ತವೆ, ಚಿತ್ರದ ತುಂಬ ಬಿಳಿ ಪಟ್ಟೆ ಬರುತ್ತದೆ, ಎಳೆ ಅಲ್ಲಾಡಿದ ಹಾಗೆ ಕಾಣುತ್ತದೆ. ಅದಕ್ಕೇ ಸ್ಪಟರ್ ಕೋಟರ್ ಅನ್ನುವ ಪುಟ್ಟ ಯಂತ್ರದಲ್ಲಿಟ್ಟು ಕೆಲವು ನ್ಯಾನೋಮೀಟರ್ ದಪ್ಪದ ಚಿನ್ನದ ಪದರ ಕೂರಿಸುತ್ತಾರೆ. ಆಗ ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ತುಂಬಾ ಹತ್ತಿರ ಹೋದರೆ ಕಾಣುವುದು ಚಿನ್ನದ ಕಾಳು, ರೇಷ್ಮೆಯಲ್ಲ. ಗೋಡೆಯ ಬಿರುಕು ನೋಡೋಕೆ ಹೋಗಿ ಮೊದಲು ಸುಣ್ಣ ಬಳಿದ ಹಾಗೆ.

ನಾವು ಶಿಡ್ಲಘಟ್ಟದ ಕಡೆಯವರು. ಮನೆಯಲ್ಲಿ ಹುಳು ಸಾಕುತ್ತಾರೆ, ನಾನು ಮೆಟೀರಿಯಲ್ ಸೈನ್ಸ್ ಓದುತ್ತಿದ್ದೇನೆ. ಹಾಗಾಗಿ ಹೀಲಿಯಂ ಅಯಾನ್ ಮೈಕ್ರೋಸ್ಕೋಪಿನ ಚಿತ್ರಗಳನ್ನು ನೋಡಿದಾಗ ನನಗೆ ಬೇರೆಲ್ಲದಕ್ಕಿಂತ ಹಿಡಿಸಿದ್ದು ಒಂದೇ ವಿಷಯ: ಇದಕ್ಕೆ ಲೇಪ ಬೇಕಿಲ್ಲ.

ಒಳಗೆ ನಡೆಯುವುದು ಇಷ್ಟು. ಚೂಪಾದ ಟಂಗ್‌ಸ್ಟನ್ ಸೂಜಿಯೊಂದನ್ನು ವಿಪರೀತ ತಣ್ಣಗೆ ಮಾಡಿ ಅದಕ್ಕೆ ಭಾರಿ ವೋಲ್ಟೇಜ್ ಕೊಡುತ್ತಾರೆ. ಸೂಜಿಯ ತುದಿಯಲ್ಲಿ ಇರುವುದು ಬರೀ ಮೂರು ಪರಮಾಣು. ಹತ್ತಿರ ಬಂದ ಹೀಲಿಯಂ ಪರಮಾಣು ಅಲ್ಲಿ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನು ಆಗಿ ಹೊರಗೆ ಹಾರುತ್ತದೆ, ಆ ಮೂರರಲ್ಲಿ ಒಂದೇ ಒಂದು ಪರಮಾಣುವಿನಿಂದ ಹೊರಟ ಕಿರಣವನ್ನು ಆರಿಸಿಕೊಂಡು ಸ್ಯಾಂಪಲ್ ಮೇಲೆ ಸಾಲು ಸಾಲಾಗಿ ಓಡಿಸುತ್ತಾರೆ. ಹೀಲಿಯಂ ಅಯಾನು ಎಲೆಕ್ಟ್ರಾನಿಗಿಂತ ಸುಮಾರು 7300 ಪಟ್ಟು ಭಾರ. ಹಾಗಾಗಿ ಅದರ ತರಂಗ ತುಂಬಾ ಚಿಕ್ಕದು, ಕಿರಣ ಅಷ್ಟಾಗಿ ಹರಡುವುದಿಲ್ಲ, ಅರ್ಧ ನ್ಯಾನೋಮೀಟರಿನಷ್ಟು ಸಣ್ಣ ವಿವರವೂ ಸಿಗುತ್ತದೆ. ಚಿತ್ರ ಮೂಡುವುದು ಮೇಲ್ಮೈಯಿಂದ ಚಿಮ್ಮುವ ಎಲೆಕ್ಟ್ರಾನುಗಳಿಂದ. ಉಬ್ಬು ತಗ್ಗು ಎರಡೂ ಒಟ್ಟಿಗೆ ಫೋಕಸ್‌ನಲ್ಲಿ ಇರುತ್ತವೆ.

ಇನ್ನು ಚಾರ್ಜ್ ವಿಷಯ. ಒಳಗೆ ಬರುವುದು ಧನ ಅಯಾನು, ಹೊರಗೆ ಹೋಗುವುದು ಎಲೆಕ್ಟ್ರಾನು. ಅಂದರೆ ಸ್ಯಾಂಪಲ್ ಯಾವಾಗಲೂ ಧನ ಕಡೆಗೇ ವಾಲುತ್ತದೆ. ಮಧ್ಯೆ ಮಧ್ಯೆ ಒಂದು ಗನ್‌ನಿಂದ ಎಲೆಕ್ಟ್ರಾನ್ ಚಿಮುಕಿಸಿದರೆ ಲೆಕ್ಕ ಸರಿಹೋಗುತ್ತದೆ. ಇಷ್ಟು ಸರಳ ಉಪಾಯ, ಅಲ್ವಾ?

ಇದರ ಹಿಂದೆ ನಮ್ಮವರೊಬ್ಬರು ಇದ್ದಾರೆ ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಈ ಸೂಜಿಯ ಐಡಿಯಾ ಭೌತವಿಜ್ಞಾನಿ ಎರ್ವಿನ್ ಮ್ಯೂಲರ್ ಅವರ ಫೀಲ್ಡ್ ಅಯಾನ್ ಮೈಕ್ರೋಸ್ಕೋಪಿನದು. 1955ರಲ್ಲಿ ಅಮೆರಿಕದ ಪೆನ್ ಸ್ಟೇಟ್‌ನಲ್ಲಿ ಟಂಗ್‌ಸ್ಟನ್ ಪರಮಾಣುಗಳನ್ನು ಬಿಡಿಬಿಡಿಯಾಗಿ ಮೊದಲು ನೋಡಿದಾಗ ಅವರ ಜೊತೆಗಿದ್ದ ವಿದ್ಯಾರ್ಥಿ ಭಾರತದ ಕನ್ವರ್ ಬಹಾದುರ್. ಆ ಐಡಿಯಾ ಕೊಂಡುಕೊಳ್ಳಬಹುದಾದ ಹೀಲಿಯಂ ಯಂತ್ರವಾಗಿ ಬರಲು ಅರ್ಧ ಶತಮಾನ ಹಿಡಿಯಿತು. ಅಲಿಸ್ ಎಂಬ ಸಣ್ಣ ಕಂಪನಿಯನ್ನು 2006ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಕಂಪನಿ ಕೊಂಡುಕೊಂಡ ಮೇಲೆ ಓರಿಯನ್ ಹೆಸರಿನಲ್ಲಿ ಹೊರಬಂತು.

ಜೀವಕೋಶದ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಕೊರೊನಾ ವೈರಸ್ ತಗುಲಿದ ಕೋಶಗಳನ್ನು ಲೇಪವಿಲ್ಲದೆ ನೋಡಿದ್ದು. ಯಾವ ವೈರಸ್ ಕೋಶದ ಪೊರೆಗೆ ಅಂಟಿಕೊಂಡಿದೆ, ಯಾವುದು ಸುಮ್ನೆ ಮೇಲೆ ಬಿದ್ದಿದೆ ಅಂತ ಬೇರೆ ಮಾಡಿ ಹೇಳಲು ಅವರಿಗೆ ಆಯಿತು. ಬದುಕಿರುವ ಕೋಶವಂತೂ ಅಲ್ಲ, ಯಾಕೆಂದರೆ ಒಳಗೆ ನಿರ್ವಾತ. ರಾಸಾಯನಿಕ ಹಾಕಿ ಹಿಡಿದಿಟ್ಟು, ನೀರು ತೆಗೆದು, ಒಣಗಿಸಿಯೇ ಇಡಬೇಕು.

ಈ ಕಿರಣ ತುಂಬಾ ಸಾಧು ಅಂತ ಕೆಲವರು ಬರೆಯುತ್ತಾರೆ. ನಾನು ಒಪ್ಪಲ್ಲ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನನ್ನು ಕೆಲವೇ ನ್ಯಾನೋಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಲು ಇದೇ ಕಿರಣವನ್ನು ಬಳಸುತ್ತಾರೆ. ಸಿಲಿಕಾನ್ ಮೇಲೆ ಜಾಸ್ತಿ ಹೊತ್ತು ನಿಲ್ಲಿಸಿದರೆ ಒಳಗೆ ಹೀಲಿಯಂ ಸೇರಿಕೊಂಡು ಗುಳ್ಳೆ ಏಳುತ್ತದೆ. ನೋಡುವ ಕಿರಣವೇ ಕೊರೆಯುವ ಕಿರಣ, ವ್ಯತ್ಯಾಸ ಇರುವುದು ಎಷ್ಟು ಅಯಾನು ಸುರಿದಿರಿ ಅನ್ನುವುದರಲ್ಲಿ.

ಇದನ್ನೆಲ್ಲ ಮನೆಯಲ್ಲಿ ಹೇಳುತ್ತಿದ್ದಾಗ ಅಪ್ಪ ಕೇಳಿದರು, "ಅಲ್ಲಮ್ಮ, ಇದರಲ್ಲಿ ಗಂಟು ರೋಗ ಬೇಗ ಗೊತ್ತಾಗತ್ತಾ?" ಇಲ್ಲ ಅಂದೆ. ಅದಕ್ಕೆ ಇದು ಬೇಕಾಗಿಯೂ ಇಲ್ಲ. ರೇಷ್ಮೆ ಹುಳುವಿಗೆ ಬರುವ ಈ ಗಂಟು ರೋಗದ (ಪೆಬ್ರಿನ್) ಬೀಜಾಣು ಮೂರು ನಾಲ್ಕು ಮೈಕ್ರೋಮೀಟರ್ ಉದ್ದ ಇರುತ್ತದೆ, ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ತಾಯಿ ಚಿಟ್ಟೆಯನ್ನು ಅರೆದು ನೋಡುವ ದಾರಿಯನ್ನು ಪಾಶ್ಚರ್ 1860ರ ದಶಕದಲ್ಲೇ ತೋರಿಸಿದರು, ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಅದೇ ನಡೆಯುತ್ತದೆ. ಅಲ್ಲಿ ಬೇಕಿರುವುದು ವೇಗ. ಈ ಯಂತ್ರ ನಿಧಾನ, ದುಬಾರಿ ಕೂಡ.

ನನಗೆ ಆಸೆ ಇರುವುದು ಬೇರೆ ಕಡೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಗೂಡು ಬೇಯಿಸುವ ನೀರು ಬದಲಾದರೆ ನೂಲಿನ ಹೊಳಪೂ ಬದಲಾಗುತ್ತದೆ ಅಂತ ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಹೇಳುತ್ತಾರೆ. ಗಡಸು ನೀರಿನಲ್ಲಿ ಬೆಂದ ಎಳೆ, ಮೆದು ನೀರಿನಲ್ಲಿ ಬೆಂದ ಎಳೆ, ಎರಡನ್ನೂ ಪಕ್ಕಪಕ್ಕ ಇಟ್ಟು ಮೇಲಿನ ಸೆರಿಸಿನ್ ಅಂಟು ಹೇಗೆ ಕೂತಿದೆ ಅಂತ ಬರಿಮೈಯಲ್ಲೇ ನೋಡಬೇಕು. ಎಳೆ ಮೊದಲೇ ಒಣಗಿರುತ್ತದೆ, ಕೋಶದ ಹಾಗೆ ತಯಾರಿಯ ರಗಳೆ ಇಲ್ಲ. ಮೊದಲು ದೂರದಿಂದ, ಕಡಿಮೆ ಅಯಾನು ಬಿಟ್ಟು ಚಿತ್ರ. ಹತ್ತಿರದ್ದು ಕೊನೆಗೆ, ಹಾಳಾದರೂ ಪರವಾಗಿಲ್ಲ ಅನ್ನುವ ಜಾಗದಲ್ಲಿ. ಮೇಲೆ ಏನಾದರೂ ಹರಳು ಕಂಡರೆ ಅದು ಕ್ಯಾಲ್ಸಿಯಂ ಲವಣವೋ ಇನ್ನೊಂದೋ ಅಂತ ಹೇಳಲು ಅದೇ ಎಳೆಯನ್ನು ಮೊದಲು ಹೇಳಿದ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ (ಎಸ್‌ಇಎಂ) ಒಯ್ಯಬೇಕು. ಧಾತು ಗುರುತಿಸುವ ಎಕ್ಸ್-ರೇ ಹೀಲಿಯಂ ಕಿರಣದಿಂದ ಹೊರಡುವುದಿಲ್ಲ.