ಭೀಮ ಗಂಡಲ್ಲ

ಬೇಸಿಗೆ ರಜೆಯಲ್ಲಿ ಬದಿಯಡ್ಕದ ಅಕ್ಕನ ಮನೆಗೆ ಹೋದಾಗ ಸೊಸೆಯ ಮುಖ ಬಾಡಿತ್ತು. ಅವಳ ಆಮೆ ಭೀಮ ತಿನ್ನುವುದನ್ನೇ ಬಿಟ್ಟಿತ್ತು. ದಿನವಿಡೀ ತೊಟ್ಟಿಯಿಂದ ಹೊರಗೆ ಹತ್ತಲು ನೋಡುವುದು, ಹಿಂಗಾಲಲ್ಲಿ ಕೆರೆಯುವುದು, ಇಷ್ಟೇ.

"ಮಾವ, ಇವನಿಗೆ ಹುಷಾರಿಲ್ವಾ?"

ಅದು ರೆಡ್ ಇಯರ್ಡ್ ಸ್ಲೈಡರ್, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಅಮೆರಿಕ ಮೂಲದ ನೀರಾಮೆ. ಅಂಗಡಿಯವರು ಗಂಡು ಅಂತ ಹೇಳಿ ಕೊಟ್ಟಿದ್ದರಂತೆ. ಅಂಗೈಯಲ್ಲಿ ಹಿಡಿಯುವಷ್ಟು ಮರಿಯಲ್ಲಿ ಅದು ನೋಡಿ ಗೊತ್ತಾಗುವ ವಿಷಯವೇ ಅಲ್ಲ. ಚಿಪ್ಪು ಸುಮಾರು 10 ಸೆಂಟಿಮೀಟರ್ ಆಗುವವರೆಗಾದರೂ ಕಾಯಬೇಕು.

ಪಕ್ಕದ ಮನೆಯಲ್ಲೂ ಒಂದಿತ್ತು, ತರಿಸಿದೆ. ಅಕ್ಕಪಕ್ಕ ಇಟ್ಟರೆ ಎಷ್ಟು ವ್ಯತ್ಯಾಸ! ಅದರ ಮುಂಗಾಲಿನ ಉಗುರು ಉದ್ದುದ್ದ, ಭೀಮನದ್ದು ಮೋಟು. ಅದರ ಬಾಲ ಬುಡದಲ್ಲಿ ದಪ್ಪ, ಉದ್ದ, ಮಲದ್ವಾರ ಚಿಪ್ಪಿನ ಅಂಚು ದಾಟಿ ಹೊರಗೆ. ಭೀಮನ ಬಾಲ ಚಿಕ್ಕದು, ದ್ವಾರ ಅಂಚಿನ ಒಳಗೇ. ಗಾತ್ರದಲ್ಲಿ ಮಾತ್ರ ಭೀಮನೇ ದೊಡ್ಡದು, ಯಾಕೆಂದರೆ ಈ ಜಾತಿಯಲ್ಲಿ ಹೆಣ್ಣೇ ಜಾಸ್ತಿ ಬೆಳೆಯುತ್ತದೆ. ಹೊಟ್ಟೆಯ ಚಿಪ್ಪು ತಗ್ಗಾಗಿದ್ದರೆ ಗಂಡು ಅಂತಾರಲ್ಲ, ಆ ಗುರುತು ನಕ್ಷತ್ರ ಆಮೆಯಂಥ ನೆಲದ ಆಮೆಗಳಲ್ಲಿ ಚೆನ್ನಾಗಿ ಕಾಣುತ್ತದೆ (ಅದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ದಯವಿಟ್ಟು ಬೇಡ). ಸ್ಲೈಡರ್‌ಗೆ ಉಗುರು, ಬಾಲ ಎರಡನ್ನೂ ನೋಡಿ. ತುಂಬಾ ಹೊತ್ತು ಅಂಗಾತ ಹಿಡಿಯಬೇಡಿ, ಅವಕ್ಕೆ ಗಾಬರಿಯಾಗುತ್ತದೆ.

ಹೆಣ್ಣು ಅಂತಾದ ಮೇಲೆ ಆ ಕೆರೆತದ ಅರ್ಥ ಹೊಳೆಯಿತು. ಗಂಡಿನ ಜೊತೆ ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ ಅಷ್ಟೆ. ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಸಾಯಲೂಬಹುದು. ದೊಡ್ಡ ಬೇಸಿನ್‌ಗೆ ಗೇಣುದ್ದ ಒದ್ದೆ ಹೊಯ್ಗೆ ತುಂಬಿ ಅದರಲ್ಲಿ ಬಿಟ್ಟು, ಎಲ್ಲರೂ ದೂರ ಹೋದೆವು. ಸಂಜೆಯೊಳಗೆ ಗುಂಡಿ ತೋಡಿ ಬಿಳಿ ಮೊಟ್ಟೆ ಇಟ್ಟಿತು. ಮರುದಿನ ತಿಂದಿತು ಕೂಡ. ಸೊಸೆಯ ಖುಷಿ ನೋಡಬೇಕಿತ್ತು!

ವರ್ಷದಲ್ಲಿ ಮತ್ತೆಯೂ ಇಡಬಹುದು, ಹಾಗಾಗಿ ಹೊಯ್ಗೆ ಅಲ್ಲೇ ಇರಲಿ ಅಂದೆ. "ತೋಟದ ಕೆರೆಗೆ ಬಿಟ್ಟರಾಯ್ತಲ್ಲ" ಅಂದರು ಭಾವ. ಅದೊಂದು ಬೇಡವೇ ಬೇಡ ಭಾವ, ಅಲ್ಲಿರುವ ನಮ್ಮ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎರಡನ್ನೂ ಇದು ಕಿತ್ತುಕೊಳ್ಳುತ್ತದೆ ಅಂತ ಕೂತು ವಿವರಿಸಿದೆ. ಅವರು ಒಪ್ಪಿದರು.